ಲಕ್ಷ್ಮೀಪತಿಯವರ ಈಕ್ವಿಟಿ ರಿಸರ್ಚು

ಐವತ್ತು ದಾಟಿದ ಗಂಡಸಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇಲ್ಲವೇ ದೈವಭಕ್ತಿ ಬರುತ್ತದೆ. ಮಾರೇನಹಳ್ಳಿಯ ಲಕ್ಷ್ಮೀಪತಿಯವರಿಗೆ ಎರಡೂ ಬಾರದೆ ಈಕ್ವಿಟಿ ರಿಸರ್ಚ್ ಬಂತು.

ಅವರು ಲೆಕ್ಕ ಬರೆಯುತ್ತಿದ್ದ ಪಂಪ್‌ಸೆಟ್ ಕಂಪನಿ, ಕೊರಳಿಗೊಂದು ಹಾರ ಹಾಕಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು, ಕಾಲಕ್ಕೆ ಮುಂಚೆಯೇ ಮನೆಗೆ ಅಟ್ಟಿತ್ತು. ಹೆಂಡತಿ ಕಲಾವತಿ ಬೆಳಗಾದರೆ ಸ್ಕೂಲಿನ ಆಫೀಸಿಗೆ, ಮಗಳು ಚೇತನಾ ಕಣ್ಣಿನ ಆಸ್ಪತ್ರೆಯ ಕೆಲಸಕ್ಕೆ. ಮನೆಯಲ್ಲಿ ಉಳಿಯುತ್ತಿದ್ದದ್ದು ಲಕ್ಷ್ಮೀಪತಿ ಮತ್ತು ಗಡಿಯಾರ. (ಇಬ್ಬರಲ್ಲಿ ಗಡಿಯಾರದ ಮುಖವನ್ನಾದರೂ ಜನ ಆಗಾಗ ನೋಡುತ್ತಿದ್ದರು.)

ಹೀಗೆ ಕೊಳೆಯುತ್ತಿದ್ದಾಗ ವಿಜಯನಗರದ ಬೇಕರಿಯೊಂದರ ಮಹಡಿಯ ಮೇಲೆ ಕ್ಲಾಸು ಸಿಕ್ಕಿತು. ಯಾವ ಕಂಪನಿಯ ಷೇರು ಕೊಳ್ಳಬಹುದು, ಯಾವುದು ಬೇಡ ಎಂದು ಶೋಧಿಸಿ ಹೇಳುವ ಉದ್ಯೋಗಕ್ಕೆ ಅಲ್ಲಿ ಜನರನ್ನು ತಯಾರು ಮಾಡುತ್ತಿದ್ದರು. ಮೇಷ್ಟ್ರು ಗಿರಿರಾಜ್‌ಗೆ ಇವರ ಅರ್ಧ ವಯಸ್ಸು.

"ಲೆಕ್ಕ ಯಾರ್ ಬೇಕಾದ್ರೂ ಮಾಡ್ತಾರೆ ಸಾರ್. ಸ್ಕಿಲ್ ಇರೋದು ಅನುಮಾನದಲ್ಲಿ. ಕಂಪನಿಯೋರ ಮಾತು ನಂಬ್ಲೇಬೇಡಿ. ಅವರಿಗೆ ಸಾಮಾನು ಹಾಕೋರನ್ನ, ಅಕ್ಕಪಕ್ಕದೋರನ್ನ ಕೇಳಿ. ನೀವು ಯಾರು ಅಂತ ಬಿಟ್ಕೊಡ್ಬೇಡಿ. ಕೊನೇಲಿ ಧೈರ್ಯವಾಗಿ ಒಂದೇ ಮಾತು: ತಗೊಳ್ಳಿ, ಮಾರಿ, ಇಲ್ಲಾ ಕಾಯಿರಿ."

ಲಕ್ಷ್ಮೀಪತಿಯವರಿಗೆ ರೋಮಾಂಚನವಾಯಿತು. ಮದುವೆಯಾದ ಲಾಗಾಯ್ತು ಅವರೂ ಮನೆಯಲ್ಲಿ ಒಂದೇ ಮಾತು ಆಡುತ್ತಿದ್ದರು. ಆ ಮಾತು 'ಆಯ್ತು'.

ಅಷ್ಟರಲ್ಲಿ ಚೇತನಾಗೆ ಒಂದು ಸಂಬಂಧ ಕೂಡಿಬಂತು. ಹುಡುಗ ಜೀವನ್, ಅನ್ನಪೂರ್ಣೇಶ್ವರಿ ನಗರದವನು, ಲಿಫ್ಟ್ ಕಂಪನಿಯಲ್ಲಿ ಕೆಲಸ. ಜಾತಕ ಹೊಂದಿತ್ತು. ಫೋನಿನಲ್ಲಿ ಅವನ ಜೊತೆ ಮಾತಾಡಿ ಬಂದ ಚೇತನಾ ಕಾರಣವಿಲ್ಲದೆ ನಗುತ್ತಿದ್ದಳು. ಇನ್ನು ಉಳಿದದ್ದು, ಯಾರಾದರೂ ಸದ್ದಿಲ್ಲದೆ ಹುಡುಗನ ರಸ್ತೆಗೆ ಹೋಗಿ ಮನೆತನ ವಿಚಾರಿಸಿಕೊಂಡು ಬರುವುದು. ಈ ಮನೆಯಲ್ಲಿ 'ಯಾರಾದರೂ' ಎಂದರೆ ಕಲಾವತಿಯ ತಮ್ಮ ರಾಜೇಂದ್ರ. ಚೇತನಾಳ ಸ್ಕೂಲ್ ಸೀಟಿಗೆ ಕ್ಯೂ ನಿಂತವನು ಅವನು. ಅವಳಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನೂ ಅವನೇ.

"ಈ ಸಲ ನಾನು ಹೋಗ್ತೀನಿ," ಎಂದರು ಲಕ್ಷ್ಮೀಪತಿ. "ಹುಡುಗಿ ಅಪ್ಪ ನಾನು. ನಾಳೆ ಧಾರೆ ಎರೆಯೋನು ನಾನು. ವಿಚಾರಿಸೋನೂ ನಾನೇ."

"ನೀವಾ? ಕೊತ್ತಂಬರಿ ತನ್ನಿ ಅಂದ್ರೆ ಪುದೀನ ತರ್ತೀರಿ!" ಎಂದರು ಕಲಾವತಿ.

"ಅದು ಬೇರೆ ಸೆಕ್ಟರ್ ಕಣೇ."

ಹೆಣ್ಣು ಹೆತ್ತ ಬೇರೆ ತಂದೆಯಾಗಿದ್ದರೆ ಹುಡುಗ ಕುಡಿಯುತ್ತಾನಾ, ಅತ್ತೆ ಜೋರಾ ಎಂದು ಎರಡು ಮಾತು ಕೇಳಿ ಕಾಫಿ ಕುಡಿದು ಬರುತ್ತಿದ್ದ. ಲಕ್ಷ್ಮೀಪತಿಯವರು ಹುಡುಗನ ರಸ್ತೆಯ ಇಸ್ತ್ರಿಯವನನ್ನು ಕೇಳಿದ್ದೇ ಬೇರೆ: "ಆ ಮನೆ ಬಟ್ಟೆ ಹೋದ ವರ್ಷಕ್ಕಿಂತ ಜಾಸ್ತಿನೋ, ಕಮ್ಮಿನೋ?" ದಿನಸಿ ಅಂಗಡಿಯಲ್ಲಿ, "ಅವರು ಅಕ್ಕಿ ಕಮ್ಮಿ ಮಾಡಿ ರಾಗಿಗೆ ಇಳಿದಿದ್ದು ಯಾವಾಗ? ಯಾಕೆ?" ಕುಡಿತದ ಪ್ರಶ್ನೆ ಅವರಿಗೆ ಮರೆತೇಹೋಯಿತು.

"ಯಾವ ಡಿಪಾರ್ಟ್‌ಮೆಂಟು ಸಾರ್?" ಎಂದು ಅಂಗಡಿಯವನು ನಡುಗುತ್ತ ಕೇಳಿದ.

"ಅದನ್ನ ಹೇಳೋ ಹಾಗಿಲ್ಲ," ಎಂದು ಮುಗುಳ್ನಕ್ಕರು. ತಮ್ಮನ್ನು ಕಂಡು ಒಬ್ಬ ಮನುಷ್ಯ ಹೆದರಿದ್ದು ಅವರ ಬದುಕಿನಲ್ಲಿ ಅದೇ ಮೊದಲು. ಆ ಸುಖದಲ್ಲೇ ಬಸ್ಸು ಹತ್ತಿದರು.

ಸಂಜೆ ನಡುಮನೆಯಲ್ಲಿ ನಿಂತು ತೀರ್ಪು ಕೊಟ್ಟರು: "ಇಸ್ತ್ರಿ ಬಟ್ಟೆ ಅರ್ಧಕ್ಕಿಳಿದಿದೆ. ಅಕ್ಕಿಯ ಬಳಕೆ ಕುಸಿದಿದೆ. ಕುಟುಂಬದ ಪ್ರಗತಿ ಮಂದಗತಿ. ನನ್ನ ಶಿಫಾರಸು, ಆರು ತಿಂಗಳು ಕಾಯುವುದು."

ಚೇತನಾಳ ಮುಖ ಬಾಡಿತು. "ಬಟ್ಟೆ ಕಮ್ಮಿ ಆಗಿರೋದು ಅವರಕ್ಕ ಮದುವೆಯಾಗಿ ಹೋದ್ರಲ್ಲ, ಅದಕ್ಕೆ. ಅವರಪ್ಪಂಗೆ ಶುಗರ್ ಅಂತ ರಾಗಿ ತಿಂತಾರೆ. ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲಪ್ಪಾ."

"ಒಳಗಿನೋರ ಮಾತು ನಂಬಬಾರದು."

"ನಾನು ನಿಮ್ಮ ಮಗಳು ಕಣಪ್ಪಾ!"

ಅವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಕಲಾವತಿ ತಮ್ಮನಿಗೆ ಫೋನ್ ಮಾಡಿದರು.

ಭಾನುವಾರ ರಾಜೇಂದ್ರ ಹುಡುಗನ ಕಡೆಯವರನ್ನು ಕರೆದುಕೊಂಡೇ ಬಂದ. ಜೀವನ್, ಅವನ ತಂದೆ, ತಾಯಿ ಅಣ್ಣಮ್ಮ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಲಕ್ಷ್ಮೀಪತಿಯವರನ್ನು ನೋಡಿ ಅಣ್ಣಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ, ಇನ್ಕಂ ಟ್ಯಾಕ್ಸ್‌ನೋರು! ಅವತ್ತು ದಿನಸಿ ಅಂಗಡೀಲಿ ಕಂಡಿದ್ನಲ್ಲ. ಇವರು ಬಂದು ಹೋದ್ಮೇಲೆ ನಮ್ಮ ಪಕ್ಕದ ಮನೆಯೋರು ಬೀಗ ಹಾಕ್ಕೊಂಡು ಹೋದೋರು ಇನ್ನೂ ಬಂದಿಲ್ಲ!"

"ಇಲ್ಲ ಅಮ್ಮ," ರಾಜೇಂದ್ರ ತಲೆ ಕೆರೆದುಕೊಂಡ. "ಇವರು ನಮ್ಮ ಭಾವ. ಚೇತನಾ ಅಪ್ಪ."

ಅಣ್ಣಮ್ಮನ ಕೈ ಬಾಯಿಗೆ ಹೋಯಿತು. "ಅಪ್ಪ... ಇದಾರಾ?"

ಆಕೆ ಪಾಪ, ಒಳ್ಳೆಯ ಹೆಂಗಸು. ಮುಚ್ಚುಮರೆ ತಿಳಿಯದು.

"ತಪ್ಪು ತಿಳ್ಕೋಬೇಡಿ. ನಾವೂ ನಿಮ್ಮ ರಸ್ತೇಲಿ ವಿಚಾರಿಸಿದ್ವಿ. ಹಿಟ್ಟಿನ ಗಿರಣಿಯೋರು, ಟೈಲರು, ಎದುರು ಮನೆ ಆಂಟಿ, ಎಲ್ರೂ ಒಂದೇ ಮಾತು. ತಾಯಿ ಬಂಗಾರ, ಮಗಳು ಬಂಗಾರ, ಸೋದರಮಾವ ಬೆನ್ನಿಗೆ ನಿಂತು ಸಾಕಿದಾರೆ ಅಂತ. ಅಪ್ಪನ ಸುದ್ದಿ ಯಾರೂ ಎತ್ತಲಿಲ್ಲ. ಜಾತಕದಲ್ಲಿ ಹೆಸರೇನೋ ಇತ್ತು. ಹೋಗ್ಬಿಟ್ಟಿರ್ಬೇಕು, ಕೇಳಿದ್ರೆ ನೋವಾಗುತ್ತೆ ಅಂತ ಸುಮ್ನಿದ್ವಿ. ಪುರೋಹಿತರಿಗೂ ಸೋದರಮಾವನೇ ಧಾರೆ ಎರೀತಾರೆ ಅಂತ ಹೇಳಿದೀವಿ."

"ಚೇತನಾ ಕೂಡ ಅಮ್ಮ, ಮಾವ ಅಂತಾನೇ ಮಾತಾಡ್ತಿದ್ರು," ಎಂದು ಜೀವನ್ ಮೆಲ್ಲಗೆ ಸೇರಿಸಿದ.

ಲಕ್ಷ್ಮೀಪತಿಯವರು ಕೂಗಾಡಬೇಕೆಂದುಕೊಂಡರು. ಆದರೆ ಅಣ್ಣಮ್ಮನ ವಿಚಾರಣೆಯಲ್ಲಿ ಎಷ್ಟು ಹುಡುಕಿದರೂ ಲೋಪ ಸಿಗಲಿಲ್ಲ. ಮನೆಯವರನ್ನು ಬಿಟ್ಟು ನೆರೆಹೊರೆಯನ್ನು ಕೇಳಿದ್ದರು. ಗಿರಿರಾಜ್ ಆಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದ. ಆಕೆ ಯಾವ ಬೇಕರಿಯ ಮೇಲೂ ಹತ್ತಿರಲಿಲ್ಲ.

ಜೀವನ್‌ನ ತಂದೆ ಗಂಟಲು ಸರಿಮಾಡಿಕೊಂಡರು. "ಅದಕ್ಕೇನಂತೆ? ಅಪ್ಪ ಇದ್ಮೇಲೆ ಅಪ್ಪನೇ ಎರೀಲಿ. ನೀನೇನಂತೀಯಮ್ಮ ಚೇತನಾ?"

ಲಕ್ಷ್ಮೀಪತಿಯವರು ಮಗಳ ಮುಖ ನೋಡಿದರು. ಇಷ್ಟು ಆಸೆಯಿಂದ ಅವರು ಅವಳನ್ನು ಹಿಂದೆಂದೂ ನೋಡಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಅಪ್ಪ ಆರು ತಿಂಗಳು ಕಾಯೋಣ ಅಂದಿದಾರೆ," ಎಂದಳು ಚೇತನಾ, ನೆಲ ನೋಡುತ್ತ. "ನಂಗೆ ಕಾಯೋಕಾಗಲ್ಲ. ಮಾವನೇ ಎರೀಲಿ."

ಯಾರೂ ಬೇಡ ಎನ್ನಲಿಲ್ಲ. ಎಲ್ಲರಿಗೂ ಒಳಗೊಳಗೇ ನಿರಾಳವಾಗಿತ್ತು. ಕಲಾವತಿ ಅಡುಗೆಮನೆಯಿಂದ ಕೇಸರಿಬಾತಿನ ತಟ್ಟೆಗಳನ್ನು ತಂದು ಗಂಡನ ಕೈಗಿಟ್ಟರು. "ಸುಮ್ನೆ ನಿಂತ್ಕೋಬೇಡಿ, ಎಲ್ರಿಗೂ ಕೊಡಿ."

ಲಕ್ಷ್ಮೀಪತಿ ಕೊಡುತ್ತ ಬಂದರು. ಜೀವನ್ ಆಗಷ್ಟೇ ರಾಜೇಂದ್ರನ ಕಾಲಿಗೆ ನಮಸ್ಕರಿಸಿ, "ಆಶೀರ್ವಾದ ಮಾಡಿ ಮಾವ," ಎಂದು ಎದ್ದಿದ್ದ. ಇವರ ಕೈಯಿಂದ ತಟ್ಟೆ ತೆಗೆದುಕೊಂಡು ವಿನಯದಿಂದ ನಕ್ಕ.

"ಥ್ಯಾಂಕ್ಸ್ ಅಂಕಲ್. ಒಂದು ಲೋಟ ನೀರು ಸಿಗುತ್ತಾ?"

"ಆಯ್ತು," ಎಂದು ಲಕ್ಷ್ಮೀಪತಿ ಒಳಗೆ ಹೋದರು.