ಮನೆಗೊಂದು ತಾಡಪತ್ರಿ

ಲಾರಿಯ ಲೋಡಿರಲಿ, ಮದುವೆಯ ಚಪ್ಪರವಿರಲಿ, ಮೇಲೊಂದು ತಾಡಪತ್ರಿ ಹೊದಿಸಿಬಿಟ್ಟರೆ ಜಗತ್ತಿನಲ್ಲಿ ಯಾವುದೂ ಕೆಡುವುದಿಲ್ಲ ಎಂಬುದು ಜಮಾಲಸಾಬನ ಅಚಲ ನಂಬಿಕೆ. ಬೈಲಹೊಂಗಲದ ಮಾರುಕಟ್ಟೆಯ ಪಕ್ಕ ತಾಡಪತ್ರಿ ಹೊಲಿದೇ ಅವನ ಗಡ್ಡ ಬೆಳ್ಳಗಾಗಿತ್ತು. ಹಾಗಾಗಿ ಹೆಂಡತಿ ಸುಗರಾಬಿ ಗೋಡೆಯ ಪಟದ ಮುಂದೆ ನಿಂತು ಕಣ್ಣೊರೆಸಿಕೊಂಡಾಗ ಅವನು ಎದೆ ತಟ್ಟಿಕೊಂಡ.

"ಅಳಬ್ಯಾಡ! ನಾ ಇರೂತನಕ ಆ ಪಟದ ಬಣ್ಣ ಎಲ್ಲಿಗಿ ಹೋಗತೈತಿ?"

"ಹೋಗತೈತಿ ಏನ್ರಿ, ಹೋಗೇ ಬಿಟ್ಟೈತಿ! ಕಣ್ಣ ತಗದ ನೋಡ್ರಿ."

ನಿಜ, ಹೋಗಿತ್ತು. ಅದು ಸೈನೊಟೈಪ್. ಔಷಧ ಬಳಿದ ಕಾಗದದ ಮೇಲೆ ಏನನ್ನಾದರೂ ಇಟ್ಟು ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದರೆ, ಸುತ್ತ ಕಡುನೀಲಿ, ನಡುವೆ ಆ ವಸ್ತುವಿನ ಬಿಳಿ ಅಚ್ಚು. ಧಾರವಾಡದಲ್ಲಿ ಚಿತ್ರಕಲೆ ಓದುವ ಮಗಳು ಮಹೇಕ್ ಮಾಡಿಕೊಟ್ಟಿದ್ದು. ಸುಗರಾಬಿಯ ತಾಯಿ ಕ್ರೋಶಾದಲ್ಲಿ ಹೆಣೆದು, ಹಬ್ಬದ ತಟ್ಟೆಯ ಮೇಲೆ ಮುಚ್ಚುತ್ತಿದ್ದ ರುಮಾಲಿನ ಅಚ್ಚು ಅದರಲ್ಲಿತ್ತು. ತಾಯಿ ತೀರಿಕೊಂಡ ಮೇಲೆ ರುಮಾಲು ರಾಮದುರ್ಗದ ತಂಗಿ ಜನ್ನತಳ ಪಾಲಾಯಿತು, ಪಟ ಸುಗರಾಬಿಯ ಪಾಲಾಯಿತು. ತಾಯಿಯದೆಂದು ಅವಳಿಗೆ ಉಳಿದದ್ದು ಅದೊಂದೇ. ಅದನ್ನು ನೋಡಲೆಂದೇ ಭಾನುವಾರ ಜನ್ನತ ಬರುವವಳಿದ್ದಳು. ಓಣಿಯವರೆಲ್ಲ ನೋಡಲಿ ಎಂದು ಪಟವನ್ನು ಕಿಟಕಿಯೆದುರು ಬಿಸಿಲಿಗೆ ತೂಗುಹಾಕಿದ ಮಹಾನುಭಾವ ಬೇರಾರೂ ಅಲ್ಲ, ಜಮಾಲಸಾಬನೇ!

ಫೋನಿನಲ್ಲಿ ಮಹೇಕ್ ನಕ್ಕಳು. "ಗಾಬರಿ ಆಗಬ್ಯಾಡ್ರಿ ಅಬ್ಬಾ. ಬಿಸಲಿಗಿ ಮಾಸೇತಿ. ಸೋಪು, ಸೋಡಾ ಏನೂ ಹಚ್ಚಬ್ಯಾಡ್ರಿ. ಭಾನುವಾರದ ತನಕ ಕತ್ತಲ್ಯಾಗ ಇಡ್ರಿ, ನೀಲಿ ತಾನ ತಿರಗಿ ಬರತೈತಿ."

ಕತ್ತಲೆ! ಜಮಾಲಸಾಬ ಅಂಗಡಿಗೆ ಓಡಿ, ಸುರುಳಿಗಟ್ಟಲೆ ತಾಡಪತ್ರಿ ಹೊತ್ತು ತಂದ. ಮೊದಲು ಗೋಡೆಯ ಪಟಕ್ಕೆ. ಅಂಚಿನಿಂದ ಬೆಳಕು ನುಸುಳೀತೆಂದು ಕಿಟಕಿಗೆ. ಆಮೇಲೆ ಬಾಗಿಲ ಸಂದಿಗೆ. ಹೆಂಚಿನ ನಡುವಿಂದ ಸೂಜಿಯಷ್ಟು ಬಿಸಿಲು ಇಣುಕಿದ್ದೇ ತಡ, ಮನೆಗೆ ಮನೆಯನ್ನೇ ನೆತ್ತಿಯಿಂದ ಬುಡದವರೆಗೆ ಹೊದಿಸಿ, ಹಗ್ಗ ಜಗ್ಗಿ ಲಾರಿಯ ಗಂಟು ಬಿಗಿದ.

ಒಳಗೆ ಹಗಲಲ್ಲೂ ಅಮಾವಾಸ್ಯೆ. ಗ್ಯಾಸಿನ ಉರಿಯೂ ಬೆಳಕೇ ಎಂದು ಅಡುಗೆ ಪಕ್ಕದ ಮನೆಗೆ ವರ್ಗವಾಯಿತು. ಗಡ್ಡಕ್ಕೆ ಹಚ್ಚಲು ಕಲಸಿಟ್ಟಿದ್ದ ಮೆಹಂದಿಯನ್ನು ರೊಟ್ಟಿಯೊಂದಿಗೆ ತಿಂದು ಜಮಾಲಸಾಬ, "ಮೆಂತೆ ಪಲ್ಲೆ ಚೂರು ಕಹಿ ಆಗೇತಿ" ಅಂದ.

"ಒಂದ ದೀಪಾನರೆ ಹಚ್ಚೂಣ್ರಿ."

"ಪಟಕ್ಕ ಬೆಳಕ ಬೀಳತೈತಿ!"

"ಪಟದ ಮ್ಯಾಲ ತಾಡಪತ್ರಿ ಐತೆಲ್ರಿ?"

"ಐತಿ ಅಂತ ಬೆಳಕಿಗಿ ಹೆಂಗ ಗೊತ್ತಾಗಬೇಕು?"

ಸುಗರಾಬಿ ಕತ್ತಲಲ್ಲೇ ತಡವರಿಸುತ್ತ ಹಾಸಿಗೆ ಬಿಡಿಸತೊಡಗಿದಳು. ಸೋತಳೆಂದೇ ಅವನು ತಿಳಿದ.

ಶನಿವಾರ ಲಾರಿ ಡ್ರೈವರ್ ಲಗಮಪ್ಪ ಹೊರಗಿನಿಂದ ತಾಡಪತ್ರಿ ಬಡಿದ. "ಸಾಬ್ರ, ಭಾರಿ ಬಿಗಿ ಕಟ್ಟೀರಿ! ಈ ಲೋಡ್ ಎಲ್ಲಿಗಿ?"

"ಲೋಡ್ ಅಲ್ಲೋ, ಇದು ಮನಿ!"

"ಇರಲಿ ಬಿಡ್ರಿ. ಯಾವೂರಿಗಿ?"

ಭಾನುವಾರ ಜನ್ನತ ಬಸ್ಸಿಳಿದು ಓಣಿಗೆ ಬಂದರೆ, ಅಕ್ಕನ ಮನೆಯಿದ್ದ ಜಾಗದಲ್ಲಿ ಹಗ್ಗ ಬಿಗಿದ ಬೆಟ್ಟ! "ಅಕ್ಕಾ! ಎಲ್ಲಿ ಹೋದ್ಯವ್ವಾ!" ಎಂದು ಬೀದಿಯಲ್ಲೇ ಬಾಯಿ ಬಡಿದುಕೊಂಡಳು. ಬುಡದಿಂದ ಜಮಾಲಸಾಬನ ತಲೆ ಹೊರಬಂತು. ಬಿಸಿಲಿಗೆ ಕಣ್ಣು ಬಿಡಲಾಗದೆ, ಪಕ್ಕದ ವಿದ್ಯುತ್ ಕಂಬಕ್ಕೆ "ಬರ್ರಿ ಜನ್ನತ, ಒಳಗ ಬರ್ರಿ" ಎಂದು ಸ್ವಾಗತ ಕೋರಿದ.

ಗಂಟುಗಳು ಬಿಚ್ಚಿದವು. ಮನೆಗೆ ಬೆಳಕು ಬಂತು. ಜಮಾಲಸಾಬ ಗತ್ತಿನಿಂದ ಪಟದ ಹೊದಿಕೆ ಎಳೆದ.

ಗಾಜಿನ ಹಿಂದೆ ಬರೀ ರಟ್ಟು! ನೀಲಿಯಿಲ್ಲ, ರುಮಾಲಿಲ್ಲ.

ಜಮಾಲಸಾಬ ಅಲ್ಲೇ ಕುಸಿದು ಕುಳಿತ. "ಪೂರಾ ಹೋತು ಸುಗರಾ... ನಿಮ್ಮ ಅಮ್ಮೀನ ನೆನಪು ನಾನ ಅಳಿಸಿಬಿಟ್ಟೆ" ಎನ್ನುವಾಗ ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ಸುಗರಾಬಿ ಟ್ರಂಕು ತೆರೆದು, ಸೀರೆಗಳ ನಡುವಿನಿಂದ ಕಾಗದವೊಂದನ್ನು ತೆಗೆದಳು. ಕಡುನೀಲಿ! ರುಮಾಲಿನ ಒಂದೊಂದು ಎಳೆಯೂ ಬೆಳ್ಳಗೆ ಎದ್ದು ಕಾಣುತ್ತಿತ್ತು.

"ಅಕ್ಕಾ, ನೋಡಿಲ್ಲೆ! ಮೂಲ್ಯಾಗ ಅಮ್ಮೀ ತಪ್ಪಿ ಹಾಕಿದ ಕುಣಿಕಿನೂ ಕಾಣತೈತಿ!" ಎಂದಳು ಜನ್ನತ. ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ನಕ್ಕರು.

"ಇದು... ಟ್ರಂಕಿನ್ಯಾಗ ಹೆಂಗ?"

"ನೀವು ತಾಡಪತ್ರಿ ತರಾಕ ಹೋದಾಗನ ತಗದ ಇಟ್ಟೇನ್ರಿ. ಒಂದ ಕಾಗದಕ್ಕ ಟ್ರಂಕಿನ ಕತ್ತಲಿ ಸಾಲೂದಿಲ್ಲೇನು?"

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಟ್ರಂಕಿಗೂ ತಾಡಪತ್ರಿ ಹೊಲೀತಿದ್ರಿ."

ಅದಾಗಲೇ ಟ್ರಂಕಿನ ಉದ್ದ ಅಳೆಯುತ್ತಿದ್ದ ಜಮಾಲಸಾಬ, ಟೇಪನ್ನು ಮೆಲ್ಲಗೆ ಸುತ್ತಿ ಜೇಬಿಗಿಳಿಸಿದ.