ಬಾಂಕ್ಡೊ ಮೇಲೊಂದು ಜಾಗ

ಹಾಲೇಶ ಪೆಟ್ಟಿಗೆ ಬಿಚ್ಚಿದಾಗ ಒಳಗೆ ಮರ ಕೊಯ್ಯುವ ಮಷೀನು ಇರಲಿಲ್ಲ, ಅದರ ಮೂಳೆಗಳಿದ್ದವು. ಪಿಸ್ಟನ್ ಒಂದು ಕಡೆ, ಕಾರ್ಬೊರೇಟರ್ ಇನ್ನೊಂದು ಕಡೆ, ಚೈನು ಹಾವಿನ ಮರಿಯ ಹಾಗೆ ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ. ಫೋನಿನ ಚಿತ್ರದಲ್ಲೇನೋ ಕಿತ್ತಳೆ ಬಣ್ಣದ ಇಡೀ ಮಷೀನು ಮಿಂಚುತ್ತಿತ್ತು. ಬಿಡಿಭಾಗಗಳ ಕಿಟ್ ಎಂದು ಕೆಳಗೆ ಇರುವೆ ಸಾಲಿನಷ್ಟು ಸಣ್ಣಗೆ ಬರೆದಿದ್ದರು. ಎಲ್ಲಕ್ಕಿಂತ ಅಗ್ಗದ್ದನ್ನು ಹುಡುಕಿ ಒತ್ತಿದವನಿಗೆ ಇರುವೆ ಕಾಣಲಿಲ್ಲ.

ವಿಮಾ ಕಚೇರಿಯಲ್ಲಿ ಕೂತು ಕೆಲಸ ಮಾಡುವವನಿಗೆ ಇಂಥ ಮಷೀನು ಯಾಕೆ ಬೇಕಾಯಿತು ಅಂದರೆ, ಒಂದು ಬೆಂಚಿಗಾಗಿ. ದಾವಣಗೆರೆಯಿಂದ ವಡೋದರಾಕ್ಕೆ ವರ್ಗವಾಗಿ ಬಂದು ಗೋರ್ವಾ ಬಡಾವಣೆಯ ಈ ವಸತಿ ಸೊಸೈಟಿಯಲ್ಲಿ ಅವನು ಒಬ್ಬನೇ ಮನೆ ಮಾಡಿದ್ದ. ಹೆಂಡತಿ ಸಾವಿತ್ರಿ ಮಗಳ ಕಾಲೇಜಿಗಾಗಿ ಊರಲ್ಲೇ ಉಳಿದಿದ್ದಳು. ಅವನ ಕಿಟಕಿಯ ಕೆಳಗೆ ಕೊಡೆ ಬಿಚ್ಚಿದ ಹಾಗೆ ಒಂದು ಕಾಡುಬಾದಾಮಿ ಮರ, ಮರದಡಿ ಕಬ್ಬಿಣದ ಬೆಂಚು. ಇಲ್ಲಿಯವರು ಅದನ್ನು ಬಾಂಕ್ಡೊ ಅನ್ನುತ್ತಾರೆ. ಸಂಜೆಯಾಯಿತೆಂದರೆ ಎ ಬ್ಲಾಕಿನ ಅರ್ಧ ಜನ ಅದರ ಮೇಲೆ, ಇನ್ನರ್ಧ ಅದರ ಸುತ್ತ. ಹಾಲೇಶ ಹಾಲು ತರುವ ನೆಪದಲ್ಲಿ ಅದರ ಮುಂದೆ ಹಾದುಹೋಗುತ್ತಿದ್ದ, ಬಂದವನೇ ಮೊಸರಿನ ನೆಪದಲ್ಲಿ ಮತ್ತೆ ಹೊರಡುತ್ತಿದ್ದ.

"ಕೇಮ್ ಛೋ ಸಾಹೇಬ್, ಚೆನ್ನಾಗಿದೀರಾ?"

"ಮಜಾಮಾ, ಮಜಾಮಾ."

ಅಷ್ಟೇ. "ಬೇಸೋ, ಕೂತ್ಕೊಳ್ಳಿ" ಅಂತ ಒಬ್ಬರೂ ಅಂದಿರಲಿಲ್ಲ. ಫ್ರಿಜ್ಜಿನಲ್ಲಿ ಮಾತ್ರ ಹಾಲು, ಮೊಸರು ಹೆಚ್ಚುತ್ತಾ ಹೋದವು.

ಸಾವಿತ್ರಿ ದಿನಾ ಫೋನಿನಲ್ಲಿ ಕೇಳುತ್ತಿದ್ದಳು. "ಒಬ್ರೇ ಏನ್ರೀ ಮಾಡ್ತಿದ್ದೀರಿ?"

"ಒಬ್ನೇ ಎಲ್ಲಿ? ಬೆಂಚ್ ಮ್ಯಾಲೆ ಎಲ್ಲಾರ ಜೊತಿ ಕೂತೀನಿ. ಗಲಾಟೆ ಕೇಳಿಸ್ತಿಲ್ಲೇನು?" ಎಂದು ಅವನು ಫೋನನ್ನು ಕಿಟಕಿಯಾಚೆ ಹಿಡಿಯುತ್ತಿದ್ದ.

ಒಂದು ಸಂಜೆ ಅಳಿಲು ಕಚ್ಚಿದ ಬಾದಾಮಿ ಕಾಯಿ ಸೀದಾ ರಸಿಕಭಾಯಿಯ ಚಹಾದೊಳಗೆ ಬಿತ್ತು. ಕೊಯಾಲಿಯ ರಿಫೈನರಿಯಲ್ಲಿ ದುಡಿದು ನಿವೃತ್ತರಾದ ರಸಿಕಭಾಯ್ ಬೆಂಚಿನ ನಟ್ಟನಡುವೆ ಕೂರುವವರು. "ಈ ಕೊಂಬೆ ಕಡಿಯೋರು ಸೊಸೈಟೀಲಿ ಯಾರೂ ಇಲ್ವಾ?" ಎಂದು ಕೂಗಿದರು. ಮೇಲೆ ಕಿಟಕಿಯಲ್ಲಿ ನಿಂತ ಹಾಲೇಶನಿಗೆ ಅದು ಸ್ವಯಂವರದ ಡಂಗುರದ ಹಾಗೆ ಕೇಳಿಸಿತು. ಅವತ್ತೇ ಮಷೀನು ತರಿಸಿದ್ದು.

ಊಟದ ಮೇಜಿನ ಮೇಲೆ ಎಷ್ಟೋ ರಾತ್ರಿ ಜೋಡಿಸಿದ. ಪಿಸ್ಟನ್ನಿನ ಸಣ್ಣ ಕ್ಲಿಪ್ಪು ಚಿಮ್ಮಿ ಮಾಯವಾಗಿ, ಮರುದಿನ ಸಾರಿನ ಪಾತ್ರೆಯಲ್ಲಿ ಸಿಕ್ಕಿತು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇರುವ ಹಾಗೆ ಮಷೀನಿನ ಜೀವ ಅದರಲ್ಲೇ ಇತ್ತು. ಕೊನೆಗೊಂದು ಭಾನುವಾರ ಬೆಳಿಗ್ಗೆ ಮಷೀನನ್ನು ಕೆಳಗೆ ತಂದು ಬೆಂಚಿನ ಮೇಲಿಟ್ಟ. ತಾನು ಮಾತ್ರ ನಿಂತೇ ಇದ್ದ. ಯಾರೂ ಕರೆಯದೆ ಕೂರುವುದು ಹೇಗೆ?

ಬೆಲ್ಲಕ್ಕೆ ಇರುವೆ ಬಂದ ಹಾಗೆ ಜನ ಬಂದರು. ನೆಲಮಹಡಿಯ ಕೋಕಿಲಾಬೆನ್ ಓಡಿ ಬಂದು, "ಪೂಜೆ ಇಲ್ದೆ ಹೊಸ ಮಷೀನು ಶುರು ಮಾಡ್ತಾರಾ?" ಎಂದು ಅದರ ಬೆನ್ನಿಗೆ ಕುಂಕುಮದಲ್ಲಿ ಸ್ವಸ್ತಿಕ ಬರೆದು ತೆಂಗಿನಕಾಯಿ ಒಡೆದರು. ಹಾಲೇಶ ಹಗ್ಗ ಎಳೆದ. ಮಷೀನು ದಮ್ಮಿನ ಮುದುಕನ ಹಾಗೆ ಕೆಮ್ಮಿ ಸುಮ್ಮನಾಯಿತು.

"ಜೋರಾಗಿ ಸಾಹೇಬ್! ಇಡ್ಲಿ ತಿಂದೂ ತಿಂದೂ ಮೆತ್ತಗಾಗಿದೀರಿ," ಎಂದರು ರಸಿಕಭಾಯ್.

"ನಮ್ದು ಬೆಣ್ಣೆ ದೋಸೆ ಊರು, ರಸಿಕಭಾಯ್."

"ಅದಕ್ಕೇ ಕೈ ಜಾರ್ತಿದೆ! ಇತ್ತ ಕೊಡಿ."

ಎಲ್ಲರೂ ಸರದಿಯಲ್ಲಿ ಎಳೆದರು. ಮಷೀನು ಕೊನೆಗೂ ಗರ್ಜಿಸಿತು. ಹಾಲೇಶ ಏಣಿ ಹತ್ತಿ ಕೊಂಬೆಗೆ ಒತ್ತಿದ. ಕೊಂಬೆ ತುಂಡಾಗಲಿಲ್ಲ, ಧೂಪದ ಹಾಗೆ ಹೊಗೆ ಬಿಟ್ಟಿತು. ಕಾರ್ಬೊರೇಟರ್ ಅಂದರು ಒಬ್ಬರು, ಪೆಟ್ರೋಲು ಅಂದರು ಇನ್ನೊಬ್ಬರು, ದೃಷ್ಟಿ ಅಂದರು ಕೋಕಿಲಾಬೆನ್. ಹಾಲೇಶ ಇಳಿದು ಕಣ್ಣು ಕಿರಿದು ಮಾಡಿ ನೋಡಿದರೆ, ಚೈನನ್ನು ತಾನೇ ಹಿಂದುಮುಂದಾಗಿ ಹಾಕಿದ್ದ. ಹಲ್ಲೆಲ್ಲ ಉಲ್ಟಾ! ತಿರುಗಿಸಿ ಹಾಕಿ ಮತ್ತೆ ಏಣಿ ಹತ್ತಿದ್ದೇ, ಕೊಂಬೆ ಸೌತೆಕಾಯಿಯ ಹಾಗೆ ತುಂಡಾಗಿ ರಸಿಕಭಾಯಿಯ ಸ್ಕೂಟರಿನ ಕನ್ನಡಿ ಮುರಿದುಕೊಂಡು ಬಿತ್ತು.

"ಹೋಗ್ಲಿ ಬಿಡಿ, ಹಾಲೇಶಭಾಯ್!" ಎಂದರು ರಸಿಕಭಾಯ್.

ಹಾಲೇಶಭಾಯ್! ಸಾಹೇಬ ಹೋಗಿ ಭಾಯ್ ಬಂದಿದ್ದ.

"ಹಾಲೇಶಭಾಯ್, ಆ ಕೊಂಬೆ ಮೇಲೆ ಕಾಗೆ ಕೂತು ನನ್ನ ಹಪ್ಪಳ ಹಾಳು ಮಾಡುತ್ತೆ," ಎಂದರು ಕೋಕಿಲಾಬೆನ್. ಅದು ಬಿತ್ತು. "ಉತ್ತರಾಯಣಕ್ಕೆ ನಮ್ಮ ಗಾಳಿಪಟ ಎಲ್ಲ ನುಂಗೋದು ಇದೇ, ಹಾಲೇಶಭಾಯ್," ಎಂದರು ಎರಡನೇ ಮಹಡಿಯವರು. ಅದೂ ಬಿತ್ತು. ಸೋಲಾರಿಗೆ ನೆರಳು ಬೀಳುತ್ತದೆಂದು ಇನ್ನೊಂದು. ಭಾಯ್ ಅಂದ ಕಡೆಗೆಲ್ಲ ಅವನ ಏಣಿ ತಿರುಗಿತು. ಮಧ್ಯಾಹ್ನಕ್ಕೆ ಬರೀ ಕಾಂಡ ಉಳಿಯಿತು.

"ಬೋಳು ಕಂಬ ಅಪಶಕುನ," ಎಂದರು ಕೋಕಿಲಾಬೆನ್. ಮೊಣಕಾಲೆತ್ತರ ಬಿಟ್ಟು ಅದನ್ನೂ ಕೊಯ್ದ. ರಸಿಕಭಾಯ್ ಹೆಗಲ ಮೇಲೆ ಕೈ ಹಾಕಿ, "ಸಂಜೆ ಕೆಳಗೆ ಬನ್ನಿ, ಒಟ್ಟಿಗೆ ಕೂತು ಚಹಾ ಕುಡಿಯೋಣ," ಎಂದರು.

ಹಾಲೇಶ ತಲೆಗೆ ನೀರು ಹಾಕಿಕೊಂಡ. ಇಸ್ತ್ರಿ ಅಂಗಿ ತೊಟ್ಟ. ಸಾವಿತ್ರಿ ಕಳಿಸಿದ ಕೋಡುಬಳೆಯ ಡಬ್ಬಿ ಹಿಡಿದು ಇಳಿದ. ಕೆಳಗೆ ಪಡುವಣ ಬಿಸಿಲು ಕಾದ ಹೆಂಚಿನಂತೆ ಬಿದ್ದಿತ್ತು. ಬೆಂಚು ಇರಲಿಲ್ಲ, ಮಣ್ಣಿನಲ್ಲಿ ಅದರ ನಾಲ್ಕು ಕಾಲಿನ ಗುರುತಿತ್ತು.

ಬೆಂಚು ದೂರದಲ್ಲಿ, ಬಿ ಬ್ಲಾಕಿನ ಬೇವಿನ ತಂಪಿನಲ್ಲಿ ಕಂಡಿತು. ಅವನು ಹತ್ತಿರ ಬರುತ್ತಲೇ ಎಲ್ಲರೂ ಧಡಕ್ಕನೆ ಎದ್ದು ನಿಂತರು. ಇಷ್ಟೊಂದು ಮರ್ಯಾದೆಯೇ ಎಂದು ಅವನು ಅಂಗಿಯ ಕಾಲರು ಸರಿಮಾಡಿಕೊಂಡ. ಬಿ ಬ್ಲಾಕಿನವರು ಬೇವಿನ ಮರಕ್ಕೆ ಅಡ್ಡವಾಗಿ ಕೈ ಕೈ ಹಿಡಿದು ನಿಂತರು.

"ಅಲ್ಲೇ ನಿಲ್ಲಿ," ಎಂದರು ಬಿ ಬ್ಲಾಕಿನ ಹಿರಿಯ ದಾಮೋದರ ಕಾಕಾ. "ನಿಮ್ಮ ಬ್ಲಾಕಿನವರಿಗೆ ಇಲ್ಲಿ ಜಾಗ ಕೊಟ್ಟಿರೋದು ಒಂದೇ ಷರತ್ತಿನ ಮೇಲೆ. ಮಷೀನಿನವರು ನಮ್ಮ ಮರದ ಹತ್ತಿರ ಬರಬಾರದು."

"ಮಷೀನು ಮನೇಲಿದೆ, ಕಾಕಾ."

"ಮನುಷ್ಯ ಇಲ್ಲಿದಾನಲ್ಲ!"

ರಸಿಕಭಾಯ್ ಚಹಾದ ಲೋಟದೊಳಗೆ ಇಣುಕುತ್ತಾ, "ಅಲ್ಲಿ ಬಿಸಿಲು ಬಹಳ, ಹಾಲೇಶಭಾಯ್. ಏನು ಮಾಡೋದು?" ಎಂದರು.

ಕೋಕಿಲಾಬೆನ್ ಕೈ ಚಾಚಿದರು. "ಡಬ್ಬಿ ಕೊಟ್ಟು ಹೋಗಿ."

ವಾಪಸ್ಸು ಬಂದ ಹಾಲೇಶ ಬಾದಾಮಿಯ ಬುಡದ ಮೇಲೆ ಕೂತ. ಅಳತೆ ತೆಗೆದ ಹಾಗೆ ಒಬ್ಬರಿಗೆ ಸರಿಯಾಗಿತ್ತು. ಫೋನು ಬಂತು.

"ಎಲ್ಲಿದ್ದೀರಿ?"

"ಹೊರಗ ಕೂತೀನಿ."

ಫೋನನ್ನು ಬಿ ಬ್ಲಾಕಿನ ಕಡೆಗೆ ಎತ್ತಿ ಹಿಡಿದ. ಅಷ್ಟು ದೂರದ ಸದ್ದು ಅದಕ್ಕೆ ಸಿಗಲಿಲ್ಲ.

"ಇವತ್ತೇನು, ಗಲಾಟೇನೇ ಇಲ್ಲ?"

"ಎಲ್ಲಾರ ಬಾಯಾಗೂ ಕೋಡುಬಳೆ."

ಸಾವಿತ್ರಿ ಖುಷಿಯಿಂದ ನಕ್ಕಳು. "ನೀವೊಬ್ರೇ ಅಗಲವಾಗಿ ಕೂತ್ಕಾಬ್ಯಾಡ್ರಿ ಮತ್ತೆ. ಸ್ವಲ್ಪ ಸರೀರಿ, ಪಕ್ಕದೋರಿಗೂ ಜಾಗ ಬ್ಯಾಡ್ವಾ?"

"ಹ್ಞೂಂ," ಎಂದು ಹಾಲೇಶ ಬುಡದ ಮೇಲೆ ಒಂದಿಷ್ಟು ಸರಿದು ಕೂತ.