ಅತ್ತೆಯ ಕಣ್ಣಲ್ಲಿ ಚರ್ಚಿನ ಮೆರವಣಿಗೆ

ನಮ್ಮ ಸೋದರತ್ತೆಯನ್ನು ನಂಬುವುದಾದರೆ, ಮಹಾಭಾರತದ ಭೀಷ್ಮರು ಈಗ ಕೋಲಾರದಲ್ಲಿ, ನಮ್ಮ ಬೀದಿಯ ಚರ್ಚಿನಲ್ಲಿದ್ದಾರೆ!

ನಗಬೇಡಿ. ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ ಹುಟ್ಟಿ, ಎಪ್ಪತ್ತು ದಾಟಿದ ಮೇಲೆ ನಮ್ಮ ಜೊತೆ ಇರಲು ಬಂದವರು ಅತ್ತೆ. ಬಂದ ವಾರಕ್ಕೇ ಜನವರಿಯ ಮೆರವಣಿಗೆ. ಬ್ಯಾಂಡಿನ ಸದ್ದಿಗೆ ಜಪ ಅರ್ಧಕ್ಕೇ ಬಿಟ್ಟು ಗೇಟಿಗೆ ಓಡಿದರು. ಪಲ್ಲಕ್ಕಿಯಲ್ಲಿ ಸಂತ ಸೆಬಾಸ್ಟಿಯನ್ನರು, ಮೈತುಂಬ ಬಾಣ.

"ಭೀಷ್ಮರು ಕಣೋ! ಇಷ್ಟು ಬಾಣ ನೆಟ್ಟ ಮೇಲೂ ನಿಲ್ಲಿಸಿದಾರಲ್ಲೋ! ಮಲಗಿಸಬಾರದಾ ಪಾಪ?"

"ಅತ್ತೆ, ಅವರು ಬೇರೆ."

"ಬೇರೆ ಏನು ಬಂತು? ಬಾಣ ಬಾಣವೇ ತಾನೆ?"



ಜೂನಿನ ಮೆರವಣಿಗೆಯಲ್ಲಿ ಯೇಸುಸ್ವಾಮಿಯ ಪ್ರತಿಮೆ ಬಂತು. ಎದೆಯ ಮೇಲೆ ಉರಿಯುವ ಹೃದಯ. ಅತ್ತೆ ಕೈಮುಗಿದೇಬಿಟ್ಟರು. "ಎದೆ ತೆರೆದು ತೋರಿಸೋನು ನಮ್ಮೂರ ಆಂಜನೇಯ ಒಬ್ಬನೇ ಅಂದ್ಕೊಂಡಿದ್ದೆ. ಇವನೂ ಗಟ್ಟಿಗ ಕಣೋ!"

ಎದುರುಮನೆಯ ಫಿಲೋಮಿನಾ ಟೀಚರಿಗೆ ಕೇಳಿಸಿಯೇ ಬಿಟ್ಟಿತು! ಬೇಜಾರಾಯಿತೇನೋ ಎಂದು ನಾನು ಹೆದರಿದರೆ, ಅವರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಇಬ್ಬರೂ ಗೆಳತಿಯರು.

ಮುಂದಿನ ವರ್ಷದ ಶುಭ ಶುಕ್ರವಾರ ರಣಬಿಸಿಲು. ಅತ್ತೆ ಮೆರವಣಿಗೆಯವರಿಗೆಂದು ಬಿಂದಿಗೆ ತುಂಬ ಪಾನಕ ಮಾಡಿಟ್ಟು ಗೇಟಿನಲ್ಲಿ ಕಾದರು.

"ಇವತ್ತು ನಮಗೆ ಉಪವಾಸ, ಅಮ್ಮ," ಎಂದರು ಮೆರವಣಿಗೆಯ ಸಾಲಿನಲ್ಲಿ ಬಂದ ಟೀಚರ್.

"ನಿಜವಾದ ಉಪವಾಸಾನಾ? ನಮ್ಮನೇಲಿ ಏಕಾದಶಿ ಅಂದ್ರೆ ಎರಡು ತಟ್ಟೆ ಉಪ್ಪಿಟ್ಟು ಕಣಮ್ಮಾ!"

ಅಷ್ಟರಲ್ಲಿ ಮಾತೆ ಮರಿಯಮ್ಮನ ಪ್ರತಿಮೆ ಬಂತು. ಕಪ್ಪು ಮುಸುಕು, ಎದೆಯಲ್ಲಿ ಹಿಡಿಯವರೆಗೂ ನೆಟ್ಟ ಕತ್ತಿ. ಗಾಬರಿಯಾದರೆ ಅತ್ತೆಗೆ ಮೊದಲು ತೆಲುಗೇ ಬರುವುದು.

"ಎವರಮ್ಮಾ ಪೊಡಿಚಿಂದಿ? ಯಾರು ಚುಚ್ಚಿದ್ದು ಈ ತಾಯಿಗೆ?"

"ಯಾರೂ ಚುಚ್ಚಿಲ್ಲಮ್ಮ," ಎಂದರು ಟೀಚರ್. "ಮಗ ಕಣ್ಣೆದುರೇ ಹೋದನಲ್ಲ, ಆ ಸಂಕಟಾನ ಹಾಗೆ ತೋರಿಸಿದಾರೆ."

ಈ ಸಲ ಅತ್ತೆ ಯಾವ ಪುರಾಣವನ್ನೂ ತೆಗೆಯಲಿಲ್ಲ. ಆ ಕತ್ತಿಯನ್ನೇ ನೋಡುತ್ತ ನಿಂತರು. ಆಮೇಲೆ ಟೀಚರ ಕೈ ಹಿಡಿದು ಮೆಲ್ಲಗೆ ಹೇಳಿದರು:

"ನನಗೂ ಒಬ್ಬಳು ಮಗಳಿದ್ದಳು. ಶಾರದಾ ಅಂತ. ನಾಲ್ಕು ವರ್ಷ ಇದ್ದಳು."

ನನಗೀಗ ಐವತ್ತು. ಅತ್ತೆಗೆ ಮಕ್ಕಳೇ ಆಗಲಿಲ್ಲ ಎಂದು ಅಲ್ಲಿಯವರೆಗೂ ತಿಳಿದಿದ್ದೆ. ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತಿದ್ದಿಲ್ಲ.

ಟೀಚರ್ ಅತ್ತೆಯನ್ನು ಸಾಲಿನೊಳಗೆ, ತಮ್ಮ ಪಕ್ಕಕ್ಕೆ ಕರೆದುಕೊಂಡರು. ಕಾದ ರಸ್ತೆಯಲ್ಲಿ ಇಬ್ಬರೂ ಬರಿಗಾಲಲ್ಲಿ ನಡೆದರು. ಅತ್ತೆ ಕಳಚಿಟ್ಟ ಚಪ್ಪಲಿ ಕೈಯಲ್ಲಿ ಹಿಡಿದು, ಯಾರೂ ಕರೆಯದಿದ್ದರೂ, ನಾನೂ ಹಿಂದೆ ನಡೆದೆ.